ತಟ್ಟೆಯಲ್ಲಿ ಬೆಳೆಯುವ ಕರುಳು, ಅದನ್ನು ಕಾಣುವ ಕಷ್ಟ

ನಮ್ಮ ಸಣ್ಣ ಕರುಳಿನ ಒಳಪದರಕ್ಕೆ ಆಯುಸ್ಸು ನಾಲ್ಕೈದು ದಿನ. ಕಳೆದ ಭಾನುವಾರದ ಊಟವನ್ನು ಹೀರಿಕೊಂಡ ಜೀವಕೋಶಗಳಲ್ಲಿ ಬಹುಪಾಲು ಈ ಭಾನುವಾರಕ್ಕೆ ಇಲ್ಲ. ಅವು ಉದುರಿ ಹೋಗಿ ಆ ಜಾಗದಲ್ಲಿ ಹೊಸವು ಬಂದು ಕೂತಿವೆ. ದೇಹದೊಳಗೆ ಇಷ್ಟು ಚುರುಕಾಗಿ ಹುಟ್ಟುವ ಈ ಕೋಶಗಳು ಹೊರಗೆ ತೆಗೆದು ತಟ್ಟೆಯಲ್ಲಿಟ್ಟರೆ ಮಾತ್ರ ಬೇಗನೆ ಸತ್ತುಹೋಗುತ್ತಿದ್ದವು. ಹಾಗಾಗಿ ಕರುಳನ್ನು ಅಭ್ಯಾಸ ಮಾಡುವವರು ದಶಕಗಳ ಕಾಲ ಕಾಕೋ-2ನಂಥ, ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬಂದ ಕೋಶಗಳನ್ನು ನೆಚ್ಚಿಕೊಂಡಿದ್ದರು. ರೋಗದ ಕೋಶದಿಂದ ಆರೋಗ್ಯದ ಪಾಠ ಕಲಿಯಬೇಕಾದ ಪರಿಸ್ಥಿತಿ ಅದು.

2009ರಲ್ಲಿ ಚಿತ್ರ ಬದಲಾಯಿತು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಹ್ಯೂಬ್ರೆಕ್ಟ್ ಸಂಸ್ಥೆಯಲ್ಲಿ ಹಾನ್ಸ್ ಕ್ಲೆವರ್ಸ್ ಅವರ ತಂಡದಲ್ಲಿದ್ದ ಜಪಾನಿನ ತೋಶಿರೊ ಸಾಟೊ, ಇಲಿಯ ಕರುಳಿನಿಂದ ತೆಗೆದ ಒಂದೇ ಒಂದು ಆಕರಕೋಶ ತನ್ನಷ್ಟಕ್ಕೆ ಕವಲೊಡೆದು ಪುಟ್ಟ ಕರುಳಿನ ರೂಪ ತಾಳುವುದನ್ನು ತೋರಿಸಿದರು. ಸ್ಟೆಮ್ ಸೆಲ್ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೇ ಈ ಆಕರಕೋಶ. ಅದರಿಂದ ಬೆಳೆದ ಅರ್ಧ ಮಿಲಿಮೀಟರಿನಷ್ಟು ರಚನೆಯನ್ನು ಆರ್ಗನಾಯ್ಡ್ ಎನ್ನುತ್ತಾರೆ. ಇವತ್ತು ಸೋಂಕು, ಕ್ಯಾನ್ಸರ್, ಔಷಧ ಪರೀಕ್ಷೆ ಎಲ್ಲಕ್ಕೂ ಅದು ಬೇಕು.

ಪತ್ರಿಕೆಗಳಲ್ಲಿ ಇವುಗಳ ಚಿತ್ರ ಕಣ್ಣು ಕೋರೈಸುವಂತಿರುತ್ತದೆ. ಕಪ್ಪು ಹಿನ್ನೆಲೆ, ನೀಲಿ ಕೋಶಕೇಂದ್ರ, ಅಲ್ಲಲ್ಲಿ ಕೆಂಪು, ಹಸಿರು. ಆದರೆ ಆರ್ಗನಾಯ್ಡನ್ನು ಬದುಕಿಸುವ ಅನುಕೂಲಗಳೇ ಅದನ್ನು ನೋಡಬೇಕಾದವರಿಗೆ ತೊಡಕಾಗುತ್ತವೆ ಎಂಬ ಸಂಗತಿ ಆ ಚಿತ್ರದಲ್ಲಿ ಕಾಣುವುದಿಲ್ಲ. ಅದಕ್ಕೆ ಸುತ್ತಲೂ ದಪ್ಪ ಜೆಲ್ ಬೇಕು, ಬೆಳಕು ಆ ಜೆಲ್‌ನಲ್ಲಿ ಚದುರುತ್ತದೆ. ಅದಕ್ಕೆ ಮೂರು ಆಯಾಮ ಬೇಕು, ಸೂಕ್ಷ್ಮದರ್ಶಕಕ್ಕೆ ತೆಳು ಪದರ ಬೇಕು. ಅದು ಮುಚ್ಚಿಕೊಂಡೇ ಬೆಳೆಯುತ್ತದೆ, ನಮಗೆ ಒಳಗೆ ಇಣುಕಬೇಕು. ಪ್ರಯೋಗಾಲಯದ ಒಂದೊಂದು ವಿಧಾನವೂ ಈ ಎರಡು ಬೇಡಿಕೆಗಳ ನಡುವಿನ ಚೌಕಾಸಿ.

ಕರುಳಿನಿಂದ ಕ್ರಿಪ್ಟ್ ಬಿಡಿಸುವುದು

ಸಣ್ಣ ಕರುಳಿನ ಒಳಮೈಯಲ್ಲಿ ವಿಲ್ಲೈ ಎಂಬ ಎಳೆಗಳು ಎದ್ದು ನಿಂತಿರುತ್ತವೆ. ಆಹಾರದ ಸಾರ ಹೀರುವುದು ಅಲ್ಲಿ. ಅವುಗಳ ಬುಡದಲ್ಲಿ ಕ್ರಿಪ್ಟ್ ಎಂಬ ಸಣ್ಣ ಕುಳಿಗಳಿವೆ. ಹೊಸ ಕೋಶ ಹುಟ್ಟುವುದು ಈ ಕುಳಿಯ ತಳದಲ್ಲಿ. ಅಲ್ಲಿನ ಆಕರಕೋಶಗಳನ್ನು ಎಲ್‌ಜಿಆರ್5 ಎಂಬ ಪ್ರೋಟೀನಿನಿಂದ ಗುರುತು ಹಿಡಿಯಬಹುದೆಂದು ಕ್ಲೆವರ್ಸ್ ತಂಡದ ನಿಕ್ ಬಾರ್ಕರ್ ಮತ್ತು ಸಂಗಡಿಗರು 2007ರಲ್ಲೇ ತೋರಿಸಿದ್ದರು. ಹಾಗಾಗಿ ಮೊದಲ ಕೆಲಸ, ವಿಲ್ಲೈಗಳನ್ನು ಬಿಟ್ಟು ಕ್ರಿಪ್ಟ್‌ಗಳನ್ನು ಮಾತ್ರ ಪಡೆಯುವುದು.

ಇಲಿಯ ಸಣ್ಣ ಕರುಳಿನ ಒಂದು ತುಂಡನ್ನು ತಣ್ಣನೆಯ ಉಪ್ಪುದ್ರಾವಣದಲ್ಲಿ ತೊಳೆದು, ಉದ್ದಕ್ಕೆ ಸೀಳಿ, ಮೈಕ್ರೋಸ್ಕೋಪ್ ಗಾಜಿನ ಅಂಚಿನಿಂದ ಒಳಮೈಯನ್ನು ಹಗುರವಾಗಿ ಕೆರೆಯುತ್ತಾರೆ. ವಿಲ್ಲೈಗಳು ಕಿತ್ತು ಬರುತ್ತವೆ, ಕುಳಿಯಲ್ಲಿ ಅಡಗಿರುವ ಕ್ರಿಪ್ಟ್‌ಗಳು ಉಳಿಯುತ್ತವೆ. ಆಮೇಲೆ ಕರುಳನ್ನು ಕೆಲವೇ ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿ, ನೀರು ತಿಳಿಯಾಗುವ ತನಕ ತೊಳೆದು, ಇಡಿಟಿಎ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆಯಷ್ಟು ಹೊತ್ತು ತಣ್ಣಗೆ ಇಡುತ್ತಾರೆ.

ಇಡಿಟಿಎ ಕ್ಯಾಲ್ಸಿಯಂ ಅನ್ನು ಕಚ್ಚಿ ಹಿಡಿಯುತ್ತದೆ. ಕೋಶಕ್ಕೆ ಕೋಶ ಅಂಟಿಸುವ ಪ್ರೋಟೀನುಗಳು ಕ್ಯಾಲ್ಸಿಯಂ ಇಲ್ಲದೆ ಬಿಗಿ ಕಳೆದುಕೊಳ್ಳುತ್ತವೆ. ಹಾಗೆಂದು ತುಂಬ ಹೊತ್ತು ಬಿಟ್ಟರೆ ಕ್ರಿಪ್ಟೇ ಬಿಡಿಬಿಡಿ ಕೋಶಗಳಾಗಿ ಒಡೆದುಹೋಗುತ್ತದೆ. ಹೀಗಾಗಿ ದ್ರಾವಣ ಸುರಿದು, ಕುಲುಕಿ, ಬಸಿದು, ಮತ್ತೆ ಹೊಸದನ್ನು ಸುರಿಯುತ್ತಾ ಪ್ರತಿ ಸಲವೂ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಮೊದಮೊದಲು ವಿಲ್ಲೈ ಚೂರುಗಳು, ಲೋಳೆ, ಸತ್ತ ಕೋಶಗಳೇ ಬರುತ್ತವೆ. ಯಾವುದೋ ಒಂದು ಸುತ್ತಿನಲ್ಲಿ ಮೋಟು ಕೊಳವೆಗಳಂಥ ಕ್ರಿಪ್ಟ್‌ಗಳು ರಾಶಿಯಾಗಿ ಇಳಿಯುತ್ತವೆ. ಎಷ್ಟನೇ ಸುತ್ತಿನಲ್ಲಿ ಎಂದು ಗಡಿಯಾರ ಹೇಳುವುದಿಲ್ಲ, ಕಣ್ಣು ಹೇಳಬೇಕು. ಅದನ್ನು 70 ಮೈಕ್ರೋಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿದರೆ ವಿಲ್ಲೈ ಮೇಲೆ ನಿಲ್ಲುತ್ತವೆ, ಕ್ರಿಪ್ಟ್ ಕೆಳಗಿಳಿಯುತ್ತವೆ.

ಮನುಷ್ಯರ ವಿಷಯದಲ್ಲಿ ಇಷ್ಟು ಧಾರಾಳವಿಲ್ಲ. ಎಂಡೋಸ್ಕೋಪಿ ಮಾಡುವಾಗ ಚಿವುಟಿ ತೆಗೆದ ಕೆಲವೇ ಮಿಲಿಮೀಟರಿನ ಚೂರೇ ಬಂಡವಾಳ. ಇನ್ನೊಂದು ದಾರಿಯೂ ಇದೆ. 2011ರಲ್ಲಿ ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಜೇಸನ್ ಸ್ಪೆನ್ಸ್ ಮತ್ತು ಜೇಮ್ಸ್ ವೆಲ್ಸ್ ಅವರ ತಂಡ ಯಾವ ಅಂಗವಾಗಿಯೂ ಬೆಳೆಯಬಲ್ಲ ಆಕರಕೋಶಗಳನ್ನು ಭ್ರೂಣದ ಬೆಳವಣಿಗೆಯ ಹಂತಗಳಲ್ಲೇ ನಡೆಸಿ ಕರುಳಾಗಿಸಿತು. ಆದರೆ ಹಾಗೆ ಬೆಳೆದದ್ದು ಎಳೆಗೂಸಿನ ಕರುಳನ್ನೂ ಅಲ್ಲ, ಗರ್ಭದೊಳಗಿನ ಕೂಸಿನ ಕರುಳನ್ನು ಹೋಲುತ್ತದೆ. ವಯಸ್ಕರ ರೋಗ ತಿಳಿಯಬೇಕಾದರೆ ವಯಸ್ಕರ ಕರುಳಿನ ಚೂರೇ ಬೇಕು.

ಜೆಲ್ ಎಂಬ ಮಣ್ಣು

ಬಿಡಿಸಿದ ಕ್ರಿಪ್ಟ್‌ಗಳನ್ನು ನೆಡುವುದು ಮ್ಯಾಟ್ರಿಜೆಲ್ ಎಂಬ ಪದಾರ್ಥದಲ್ಲಿ. ಇಲಿಯಲ್ಲಿ ಬೆಳೆಯುವ ಒಂದು ಬಗೆಯ ಗಡ್ಡೆಯಿಂದ ತೆಗೆದ ಪ್ರೋಟೀನುಗಳ ಮಿಶ್ರಣ ಇದು. ಲ್ಯಾಮಿನಿನ್, ಕೊಲಾಜೆನ್ ಮುಂತಾದವು ಇದರಲ್ಲಿವೆ. ಕರುಳಿನ ಕೋಶ ದೇಹದೊಳಗೆ ಇಂಥದ್ದೇ ಪದರದ ಮೇಲೆ ಕೂತಿರುತ್ತದೆ. ಆ ನೆಲೆ ತಪ್ಪಿದರೆ ಅದು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಕಿತ್ತುಬಂದ ಕೋಶ ಸಿಕ್ಕಸಿಕ್ಕಲ್ಲಿ ಬೇರೂರದಿರಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. ಒಂಟಿ ಕೋಶದಿಂದ ಬೆಳೆಸುವಾಗ ಈ ಆತ್ಮಹತ್ಯೆ ತಡೆಯಲು ಮೊದಲ ಒಂದೆರಡು ದಿನ ವೈ-27632 ಎಂಬ ರಾಸಾಯನಿಕವನ್ನೂ ಬೆರೆಸುತ್ತಾರೆ.

ತುಪ್ಪ ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಗೆ ಕರಗುತ್ತದೆ. ಮ್ಯಾಟ್ರಿಜೆಲ್ ಇದಕ್ಕೆ ತದ್ವಿರುದ್ಧ. 4 ಡಿಗ್ರಿಯಲ್ಲಿ ನೀರಾಗಿರುತ್ತದೆ, 37 ಡಿಗ್ರಿಗೆ ಬಂದರೆ ಗಟ್ಟಿಯಾಗುತ್ತದೆ. ಹಾಗಾಗಿ ಬಾಟಲಿ ಮಂಜುಗಡ್ಡೆಯಲ್ಲಿ, ಪಿಪೆಟ್ಟಿನ ತುದಿಗಳು ಫ್ರಿಜ್‌ನಲ್ಲಿ, ತಟ್ಟೆ ಮಾತ್ರ ಮೊದಲೇ ಬೆಚ್ಚಗೆ. ಕ್ರಿಪ್ಟ್ ಬೆರೆತ ಜೆಲ್ಲನ್ನು ಸುಮಾರು 50 ಮೈಕ್ರೋಲೀಟರಿನ ಹನಿಯಾಗಿ ತಟ್ಟೆಯ ಗುಳಿಯ ನಡುವೆ ಬಿಟ್ಟರೆ ಅದು ಗುಮ್ಮಟದ ಆಕಾರದಲ್ಲಿ ನಿಲ್ಲುತ್ತದೆ. ಆ ಕ್ಷಣಕ್ಕೆ ಕೈ ನಿಧಾನವಾದರೆ ಜೆಲ್ ಪಿಪೆಟ್ಟಿನೊಳಗೇ ಕೂತುಬಿಡುತ್ತದೆ, ಅವಸರ ಮಾಡಿದರೆ ಗುಳ್ಳೆ ಸೇರುತ್ತದೆ. ಆ ಗುಳ್ಳೆ ಮುಂದೆ ಚಿತ್ರ ತೆಗೆಯುವಾಗ ಬೆಳಕನ್ನು ಬಾಗಿಸಿ ಕಾಟ ಕೊಡುತ್ತದೆ.

ಹನಿ ಗಟ್ಟಿಯಾಗುವ ಮೊದಲು ತಟ್ಟೆಯನ್ನು ತಲೆಕೆಳಗು ಮಾಡಿ ಇನ್‌ಕ್ಯುಬೇಟರಿನಲ್ಲಿಡುವ ರೂಢಿಯೂ ಉಂಟು. ಹಾಗೆ ಮಾಡದಿದ್ದರೆ ಕ್ರಿಪ್ಟ್‌ಗಳು ಮೆಲ್ಲಗೆ ತಳಕ್ಕಿಳಿದು ಪ್ಲಾಸ್ಟಿಕ್‌ಗೆ ಅಂಟಿ, ಚಪ್ಪಟೆಯಾಗಿ ಹರಡಿಬಿಡುತ್ತವೆ. ಇಲ್ಲಿ ಚೌಕಾಸಿ ಶುರು. ತಳದಲ್ಲಿದ್ದರೆ ಮಸೂರಕ್ಕೆ ಹತ್ತಿರ, ಚಿತ್ರ ಸ್ಪಷ್ಟ, ಆಕಾರ ಸುಳ್ಳು. ಮೇಲಿದ್ದರೆ ಆಕಾರ ಸರಿ, ಆದರೆ ಹೆಚ್ಚು ಶಕ್ತಿಯ ಮಸೂರದ ದೃಷ್ಟಿ ಅಲ್ಲಿಗೆ ತಲುಪುವುದಿಲ್ಲ.

ದ್ರಾವಣವೂ ಚಿತ್ರದ ಭಾಗ

ಜೆಲ್‌ನ ಮೇಲೆ ಸುರಿಯುವ ಪೋಷಕ ದ್ರಾವಣದಲ್ಲಿ ಸಾಟೊ ಬಳಸಿದ್ದು ಮುಖ್ಯವಾಗಿ ಮೂರು ಪ್ರೋಟೀನುಗಳು. ಇಜಿಎಫ್ ಕೋಶಕ್ಕೆ ಬೆಳೆಯಲು ಹೇಳುತ್ತದೆ. ನಾಗ್ಗಿನ್ ಎಂಬುದು ಬಿಎಂಪಿ ಎಂಬ ಸಂಕೇತವನ್ನು ತಡೆಯುತ್ತದೆ. ಆರ್-ಸ್ಪಾಂಡಿನ್ ವಿಂಟ್ ಎಂಬ ಸಂಕೇತವನ್ನು ಜೋರು ಮಾಡುತ್ತದೆ. ಕ್ರಿಪ್ಟಿನ ತಳದಲ್ಲಿ ವಿಂಟ್ ಹೆಚ್ಚು, ಬಿಎಂಪಿ ಕಡಿಮೆ; ತಟ್ಟೆಯಲ್ಲಿ ಅದೇ ವಾತಾವರಣವನ್ನು ಕಟ್ಟಿಕೊಟ್ಟಂತಾಯಿತು.

ಇಷ್ಟು ಸಿಕ್ಕರೆ ಇಲಿಯ ಕ್ರಿಪ್ಟ್ ಕೆಲವೇ ಗಂಟೆಗಳಲ್ಲಿ ತನ್ನ ತೆರೆದ ತುದಿಯನ್ನು ಮುಚ್ಚಿಕೊಂಡು ಗುಂಡಗಾಗುತ್ತದೆ. ಎರಡು ಮೂರು ದಿನಕ್ಕೆ ಮೈಯಿಂದ ಮೊಗ್ಗುಗಳು ಹೊರಡುತ್ತವೆ. ಒಂದೊಂದು ಮೊಗ್ಗೂ ಒಂದೊಂದು ಹೊಸ ಕ್ರಿಪ್ಟ್. ಮೊಗ್ಗಿನ ತುದಿಯಲ್ಲಿ ಕಣಕಣವಾಗಿ ಕಾಣುವುದು ಪ್ಯಾನೆತ್ ಕೋಶಗಳು, ಬಣ್ಣ ಹಾಕದೆಯೂ ಗುರುತು ಸಿಗುವಂಥವು. ಇವು ಆಕರಕೋಶದ ಪಕ್ಕದಲ್ಲೇ ಕೂತು ಅದಕ್ಕೆ ಬೇಕಾದ ಸಂಕೇತಗಳನ್ನು ಒದಗಿಸುತ್ತವೆ ಎಂದು 2011ರಲ್ಲಿ ಸಾಟೊ ತೋರಿಸಿದರು. ಸತ್ತ ಕೋಶಗಳೆಲ್ಲ ಒಳಗಿನ ಟೊಳ್ಳಿನಲ್ಲಿ ಸೇರುತ್ತಾ ಹೋಗಿ, ವಾರದ ಹೊತ್ತಿಗೆ ನಡುಭಾಗ ಕಪ್ಪಗಾಗುತ್ತದೆ. ಆಗ ಪಿಪೆಟ್ಟಿನಿಂದ ಒಡೆದು ಹೊಸ ಜೆಲ್‌ಗೆ ಬದಲಿಸಬೇಕು. ಹೀಗೆ ತಿಂಗಳುಗಟ್ಟಲೆ ನಡೆಸಬಹುದು.

ಮನುಷ್ಯರ ಕೋಶಗಳಿಗೆ ಈ ಮೂರು ಸಾಲದು. ವಿಂಟ್ ಪ್ರೋಟೀನನ್ನೇ ಹೊರಗಿನಿಂದ ಕೊಡಬೇಕು, ನಿಕೋಟಿನಮೈಡ್ ಬೇಕು, ಕೆಲವು ಸಂಕೇತಗಳನ್ನು ತಡೆಯುವ ರಾಸಾಯನಿಕಗಳೂ ಬೇಕು. ಇಷ್ಟೆಲ್ಲ ಕೊಟ್ಟಾಗ ಅವು ಹುಲುಸಾಗಿ ಬೆಳೆಯುತ್ತವೆ. ಆದರೆ ಬಹುಮಟ್ಟಿಗೆ ದುಂಡಗೇ ಉಳಿಯುತ್ತವೆ. ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳಾಗಲಿ, ಸಾರ ಹೀರುವ ಪ್ರೌಢ ಕೋಶಗಳಾಗಲಿ ಸರಿಯಾಗಿ ಮೂಡುವುದಿಲ್ಲ. ಅವು ಮೂಡಬೇಕಾದರೆ ಕೊಟ್ಟಿದ್ದ ವಿಂಟ್ ಮತ್ತು ಕೆಲವು ರಾಸಾಯನಿಕಗಳನ್ನು ಹಿಂತೆಗೆದು ಕೆಲವು ದಿನ ಕಾಯಬೇಕು. ಇದನ್ನು ಮರೆತು ಚಿತ್ರ ತೆಗೆದವರು, ಈ ರೋಗಿಯ ಕರುಳಿನಲ್ಲಿ ಗಾಬ್ಲೆಟ್ ಕೋಶಗಳೇ ಇಲ್ಲ ಎಂದು ಬರೆಯಬಹುದು. ಅವರು ಕಂಡದ್ದು ರೋಗಿಯ ಗುಣವನ್ನಲ್ಲ, ತಾವೇ ಸುರಿದ ದ್ರಾವಣದ ಗುಣವನ್ನು.

ಕೊಂದು ನೋಡುವುದು

ಒಳಗಿನ ವಿವರ ಬೇಕಾದರೆ ಆರ್ಗನಾಯ್ಡನ್ನು ಇದ್ದ ಸ್ಥಿತಿಯಲ್ಲೇ ಸ್ಥಿರಗೊಳಿಸಿ, ಬಣ್ಣ ಹಾಕಿ ನೋಡಬೇಕು. ಇಷ್ಟು ದಿನ ಸಾಕಿದ ಜೆಲ್ ಈಗ ಅಡ್ಡಿ. ಬಣ್ಣ ಹೊತ್ತ ಪ್ರತಿಕಾಯಗಳು ಅದರೊಳಗೆ ನುಸುಳಲು ತಿಣುಕುತ್ತವೆ, ಜೆಲ್ ತಾನೂ ಮಿನುಗಿ ಹಿನ್ನೆಲೆಯನ್ನು ಮಬ್ಬಾಗಿಸುತ್ತದೆ. ಅದನ್ನು ಮಂಜುಗಡ್ಡೆಯ ತಣ್ಪಿನಲ್ಲಿ ವಿಶೇಷ ದ್ರಾವಣದಿಂದ ಕರಗಿಸಿ, ಆರ್ಗನಾಯ್ಡ್‌ಗಳನ್ನು ಬಿಡಿಸಿಕೊಂಡು, ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸುತ್ತಾರೆ. ನೆಲೆ ಕಳೆದುಕೊಂಡ ಆರ್ಗನಾಯ್ಡ್ ಈಗ ಸಿಕ್ಕಲ್ಲಿ ಅಂಟುತ್ತದೆ. ಅದಕ್ಕೇ ಪಿಪೆಟ್ಟಿನ ತುದಿಯ ಒಳಮೈಗೆ ಮೊದಲೇ ಆಲ್ಬುಮಿನ್ ದ್ರಾವಣ ಸವರುತ್ತಾರೆ. ಈ ಸಣ್ಣ ಉಪಚಾರ ಬಿಟ್ಟರೆ ವಾರಗಟ್ಟಲೆ ಬೆಳೆಸಿದ್ದರಲ್ಲಿ ಒಳ್ಳೆಯ ಪಾಲು ಪ್ಲಾಸ್ಟಿಕ್ಕಿನ ಗೋಡೆಯಲ್ಲೇ ಉಳಿದುಬಿಡುತ್ತದೆ.

ಮುಂದೆ ಡಿಟರ್ಜೆಂಟ್ ಬಳಸಿ ಕೋಶದ ಪೊರೆಯಲ್ಲಿ ದಾರಿ ಮಾಡಿ, ಪ್ರತಿಕಾಯಗಳನ್ನು ರಾತ್ರಿಯಿಡೀ ಇಳಿಯಬಿಡುತ್ತಾರೆ. ಲೈಸೊಜೈಮ್‌ಗೆ ಅಂಟುವ ಪ್ರತಿಕಾಯ ಪ್ಯಾನೆತ್ ಕೋಶವನ್ನು ತೋರಿಸುತ್ತದೆ, ಮ್ಯೂಸಿನ್-2ಕ್ಕೆ ಅಂಟುವುದು ಗಾಬ್ಲೆಟ್ ಕೋಶವನ್ನು, ಕ್ರೋಮೊಗ್ರಾನಿನ್‌ಗೆ ಅಂಟುವುದು ಹಾರ್ಮೋನು ಸ್ರವಿಸುವ ಕೋಶವನ್ನು. ಕೋಶಕೇಂದ್ರಕ್ಕೆ ಡ್ಯಾಪಿ ಎಂಬ ನೀಲಿ ಬಣ್ಣ. ಪತ್ರಿಕೆಯಲ್ಲಿ ನಾವು ಕಾಣುವ ವರ್ಣವೈಭವ ಇದೇ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ನೀರಿನಲ್ಲಿ, ಪ್ರೋಟೀನಿನಲ್ಲಿ, ಕೊಬ್ಬಿನಲ್ಲಿ ಬೆಳಕು ಬೇರೆ ಬೇರೆ ವೇಗದಲ್ಲಿ ಸಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗೆಲ್ಲ ಬಾಗುತ್ತದೆ. ಹತ್ತಾರು ಕೋಶ ದಾಟುವಷ್ಟರಲ್ಲಿ ಚಿತ್ರ ಕಲಸಿಹೋಗಿ, ಆರ್ಗನಾಯ್ಡಿನ ಆಚೆ ಬದಿ ಮಂಜು ಮುಸುಕಿದಂತೆ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ 2019ರಲ್ಲಿ ನೆದರ್ಲೆಂಡ್ಸ್‌ನ ತಂಡವೊಂದು ಪ್ರಕಟಿಸಿದ ವಿಧಾನ ಸರಳವಾಗಿದೆ. ಫ್ರಕ್ಟೋಸ್ ಸಕ್ಕರೆ ಮತ್ತು ಗ್ಲಿಸರಾಲ್ ಬೆರೆಸಿದ ಮಂದ ದ್ರಾವಣದಲ್ಲಿ ಆರ್ಗನಾಯ್ಡನ್ನು ಅದ್ದುವುದು. ಕೋಶದ ಒಳಗೂ ಹೊರಗೂ ಬೆಳಕಿನ ಬಾಗು ಹೆಚ್ಚುಕಡಿಮೆ ಒಂದೇ ಆಗಿ, ನಿಮಿಷಗಳಲ್ಲಿ ಆರ್ಗನಾಯ್ಡ್ ಪಾರದರ್ಶಕವಾಗುತ್ತದೆ. ದುಬಾರಿ ಸಲಕರಣೆ ಬೇಡ, ವಿಷಕಾರಿ ದ್ರಾವಕ ಬೇಡ.

ನಂತರ ಕಾನ್‌ಫೋಕಲ್ ಸೂಕ್ಷ್ಮದರ್ಶಕ. ಮಸೂರ ನೆಟ್ಟ ಮಟ್ಟದಿಂದ ಬರುವ ಬೆಳಕನ್ನು ಮಾತ್ರ ಸೂಜಿರಂಧ್ರವೊಂದು ಒಳಬಿಡುತ್ತದೆ, ಉಳಿದದ್ದನ್ನು ತಡೆಯುತ್ತದೆ. ಹೀಗೆ ಪದರ ಪದರವಾಗಿ ಚಿತ್ರ ತೆಗೆದು ಜೋಡಿಸಿದರೆ ಇಡೀ ರಚನೆ ಸಿಗುತ್ತದೆ. ಆದರೂ ಆಳದ ದಿಕ್ಕಿನಲ್ಲಿ ಸ್ಪಷ್ಟತೆ ಅಗಲದ ದಿಕ್ಕಿಗಿಂತ ಕಡಿಮೆಯೇ. ದುಂಡಗಿನ ಕೋಶಕೇಂದ್ರ ಆ ದಿಕ್ಕಿನಲ್ಲಿ ಉದ್ದುದ್ದ ಕಾಣುತ್ತದೆ. ಆಕಾರದ ಬಗ್ಗೆ ಲೆಕ್ಕ ಕೊಡುವವರು ಇದನ್ನು ಸರಿಪಡಿಸಿಕೊಳ್ಳಬೇಕು.

ಬದುಕಿರುವಾಗಲೇ ನೋಡುವುದು

ಸ್ಥಿರಗೊಳಿಸಿದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಒಂದು ಕ್ಷಣದ್ದು. ಯಾವ ಕೋಶ ಮೊದಲು ದಾರಿ ಬದಲಿಸಿತು ಎಂದು ಅದು ಹೇಳಲಾರದು. ಅದಕ್ಕೆ ಜೀವಂತ ಆರ್ಗನಾಯ್ಡನ್ನೇ ದಿನಗಟ್ಟಲೆ ಹಿಂಬಾಲಿಸಬೇಕು. ಇಲ್ಲಿ ಶತ್ರು ಬೆಳಕೇ. ಕಾನ್‌ಫೋಕಲ್‌ನ ಲೇಸರ್ ಒಂದು ಪದರ ನೋಡಲು ಇಡೀ ಆರ್ಗನಾಯ್ಡನ್ನು ಬೆಳಗಿಸುತ್ತದೆ. ಮತ್ತೆ ಮತ್ತೆ ಹೀಗೆ ಮಾಡಿದರೆ ಬಣ್ಣ ಮಾಸುತ್ತದೆ, ಕೋಶಗಳು ಬಳಲಿ ವಿಭಜನೆ ನಿಲ್ಲಿಸುತ್ತವೆ, ಕೊನೆಗೆ ಸಾಯುತ್ತವೆ.

ಲೈಟ್-ಶೀಟ್ ಸೂಕ್ಷ್ಮದರ್ಶಕ ಈ ಹೊಡೆತವನ್ನು ತಗ್ಗಿಸಿತು. ಬೆಳಕನ್ನು ತೆಳು ಹಾಳೆಯಾಗಿ ಪಕ್ಕದಿಂದ ಹಾಯಿಸಿ, ಲಂಬ ದಿಕ್ಕಿನಿಂದ ಚಿತ್ರ ಹಿಡಿಯುವುದು ಇದರ ಉಪಾಯ. ನೋಡುತ್ತಿರುವ ಪದರ ಮಾತ್ರ ಬೆಳಗುತ್ತದೆ, ಉಳಿದ ಭಾಗ ಕತ್ತಲಲ್ಲಿ ವಿಶ್ರಮಿಸುತ್ತದೆ. 2004ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಯಾನ್ ಹ್ಯೂಸ್ಕನ್ ಮತ್ತು ಸಂಗಡಿಗರು ಜೀವಂತ ಭ್ರೂಣಗಳ ಮೇಲೆ ಇದನ್ನು ಬಳಸಿ ತೋರಿಸಿದ ಮೇಲೆ ಜೀವವಿಜ್ಞಾನದಲ್ಲಿ ಇದು ನೆಲೆಯೂರಿತು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಪ್ರಿಸ್ಕಾ ಲಿಬೆರಾಲಿ ಅವರ ತಂಡ ಇದೇ ತಂತ್ರವನ್ನೂ ಸ್ಥಿರಗೊಳಿಸಿದ ಸಾವಿರಾರು ಆರ್ಗನಾಯ್ಡ್‌ಗಳ ಚಿತ್ರಗಳನ್ನೂ ಸೇರಿಸಿ 2019ರಲ್ಲಿ ಒಂದು ಹಳೆಯ ಪ್ರಶ್ನೆಗೆ ಉತ್ತರ ಹುಡುಕಿತು. ಒಂದೇ ಕೋಶದಿಂದ ಹುಟ್ಟಿದ, ನೋಡಲು ಒಂದೇ ಥರ ಇರುವ ಕೋಶಗಳ ಚೆಂಡಿನಲ್ಲಿ ಮೊದಲ ಮೊಗ್ಗು ಎಲ್ಲಿ ಮೂಡಬೇಕೆಂದು ತೀರ್ಮಾನಿಸುವವರಾರು? ಯಾಪ್1 ಎಂಬ ಪ್ರೋಟೀನು ಮೊದಲು ಎಲ್ಲ ಕೋಶಗಳಲ್ಲೂ ಸಕ್ರಿಯವಾಗಿರುತ್ತದೆ, ಆಮೇಲೆ ಕೋಶದಿಂದ ಕೋಶಕ್ಕೆ ಅದರಲ್ಲಿ ಏರುಪೇರು ಕಾಣಿಸುತ್ತದೆ. ಆ ಏರುಪೇರೇ ನೆರೆಹೊರೆಯ ಕೋಶಗಳ ನಡುವೆ ಭೇದ ಹುಟ್ಟಿಸಿ, ಒಂದು ಕೋಶವನ್ನು ಮೊದಲ ಪ್ಯಾನೆತ್ ಕೋಶವಾಗಿಸುತ್ತದೆ. ಅದು ಇದ್ದ ಕಡೆ ಮೊಗ್ಗು. ಒಂದೇ ಒಂದು ಚಿತ್ರ ನೋಡಿದವರಿಗೆ ಈ ಕ್ರಮ ಎಂದೂ ಗೊತ್ತಾಗುತ್ತಿರಲಿಲ್ಲ.

ಮುಚ್ಚಿದ ಚೆಂಡಿನ ಸಮಸ್ಯೆ ಬೇರೆಯೇ. ನಮ್ಮ ದೇಹದಲ್ಲಿ ಆಹಾರವೂ ರೋಗಾಣುವೂ ಕರುಳಿನ ಒಳಮೈಯನ್ನು ಮುಟ್ಟುತ್ತವೆ. ಆರ್ಗನಾಯ್ಡಿನಲ್ಲಿ ಆ ಒಳಮೈ ಟೊಳ್ಳಿನೊಳಗೆ ಅಡಗಿದೆ. ವೈರಸ್ಸನ್ನು ದ್ರಾವಣದಲ್ಲಿ ಬೆರೆಸಿದರೆ ಅದು ತಪ್ಪು ಬಾಗಿಲು ತಟ್ಟಿದಂತೆ. ಕೂದಲಿಗಿಂತ ತೆಳುವಾದ ಸೂಜಿಯಿಂದ ಒಳಗೆ ಚುಚ್ಚಬಹುದು, ಇಲ್ಲವೇ ಆರ್ಗನಾಯ್ಡನ್ನು ಒಡೆದು ಒಂದೇ ಪದರವಾಗಿ ಹರಡಬಹುದು. ವಾಂತಿಭೇದಿ ತರುವ ಮಾನವ ನೊರೊವೈರಸ್ಸನ್ನು ದಶಕಗಳಿಂದ ಯಾರೂ ಪ್ರಯೋಗಾಲಯದಲ್ಲಿ ಸರಿಯಾಗಿ ಬೆಳೆಸಲಾಗಿರಲಿಲ್ಲ. 2016ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಮೇರಿ ಎಸ್ಟಿಸ್ ಅವರ ತಂಡ ಹೀಗೆ ಹರಡಿದ ಪದರದ ಮೇಲೆ ಅದನ್ನು ಬೆಳೆಸಿತು. ಕೆಲವು ತಳಿಗಳಿಗೆ ಪಿತ್ತರಸವೂ ಬೇಕಾಯಿತು. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇನ್ನೂ ಚತುರ ದಾರಿ ಕಂಡುಕೊಂಡರು. ಜೆಲ್ಲನ್ನು ಪೂರ್ತಿ ತೆಗೆದು ದ್ರಾವಣದಲ್ಲಿ ತೇಲಲು ಬಿಟ್ಟರೆ ಆರ್ಗನಾಯ್ಡ್ ತಾನಾಗಿ ಒಳಹೊರಗು ತಿರುವಿಕೊಳ್ಳುತ್ತದೆ. ಒಳಮೈ ಹೊರಗೆ ಬರುತ್ತದೆ, ರೋಗಾಣು ನೇರ ಎದುರಾಗುತ್ತದೆ.

ಮಬ್ಬು ಚಿತ್ರದ ಬೆಲೆ

ಚಿತ್ರ ತೆಗೆದರೆ ಮುಗಿಯಲಿಲ್ಲ, ಎಣಿಸಬೇಕು. ನೂರಾರು ಆರ್ಗನಾಯ್ಡ್‌ಗಳ ನಡುವೆ ಕಣ್ಣಿಗೆ ಚೆಂದ ಕಂಡದ್ದನ್ನು ಆರಿಸಿ ಪ್ರಕಟಿಸುವ ಚಪಲ ಎಲ್ಲರಿಗೂ ಇರುತ್ತದೆ. ಈಗ ಸೆಲ್‌ಪೋಸ್‌ನಂಥ ತಂತ್ರಾಂಶಗಳು ಕೋಶದ ಗಡಿಗಳನ್ನು ತಾವೇ ಗುರುತಿಸುತ್ತವೆ, ಆಯ್ಕೆಯ ಪಕ್ಷಪಾತ ಕಡಿಮೆಯಾಗುತ್ತದೆ. ಆದರೆ ಒಂದು ತಪ್ಪನ್ನು ಯಾವ ತಂತ್ರಾಂಶವೂ ತಿದ್ದಲಾರದು. ಒಂದು ಇಲಿಯಿಂದ ಬೆಳೆದ ನೂರು ಆರ್ಗನಾಯ್ಡ್ ನೂರು ಇಲಿಗಳ ಸಾಕ್ಷಿಯಲ್ಲ. ಒಬ್ಬನನ್ನೇ ನೂರು ಸಲ ಕೇಳಿ ನೂರು ಜನರ ಅಭಿಪ್ರಾಯ ಸಂಗ್ರಹಿಸಿದೆ ಎಂದು ಹೇಳಿದಂತಾಗುತ್ತದೆ.

ಇಡೀ ಕ್ಷೇತ್ರದಲ್ಲಿ ರೋಗಿಗಳ ಬದುಕನ್ನು ಅತಿ ನೇರವಾಗಿ ಮುಟ್ಟಿದ ಚಿತ್ರ ನೋಡಲು ಏನೇನೂ ಚೆಂದವಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಸಿಎಫ್‌ಟಿಆರ್ ಎಂಬ ಪ್ರೋಟೀನು ಕೆಟ್ಟು, ಕೋಶದಿಂದ ಕ್ಲೋರೈಡ್ ಮತ್ತು ನೀರು ಹೊರಬರುವುದು ನಿಲ್ಲುತ್ತದೆ. ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗುತ್ತದೆ. 2013ರಲ್ಲಿ ಉಟ್ರೆಕ್ಟ್‌ನಲ್ಲಿ ಜೆಫ್ರಿ ಬೀಕ್‌ಮನ್ ಅವರ ತಂಡ ರೋಗಿಗಳ ಗುದದ್ವಾರದ ಬಳಿಯ ಕರುಳಿನ ಚೂರಿನಿಂದ ಆರ್ಗನಾಯ್ಡ್ ಬೆಳೆಸಿ, ಅದಕ್ಕೆ ಫೋರ್ಸ್ಕೋಲಿನ್ ಎಂಬ ವಸ್ತುವನ್ನು ಹಾಕಿತು. ಆರೋಗ್ಯವಂತರ ಆರ್ಗನಾಯ್ಡ್ ಆಗ ಟೊಳ್ಳಿನೊಳಗೆ ನೀರು ತುಂಬಿಕೊಂಡು ಗಂಟೆಯೊಳಗೆ ಉಬ್ಬಿತು. ರೋಗಿಗಳದ್ದು ಉಬ್ಬಲಿಲ್ಲ. ಸರಿಯಾದ ಔಷಧ ಹಾಕಿದರೆ ಅದೂ ಸ್ವಲ್ಪ ಉಬ್ಬಿತು.

ಈ ಫೋರ್ಸ್ಕೋಲಿನ್ 1970ರ ದಶಕದಲ್ಲಿ ಭಾರತದ ವಿಜ್ಞಾನಿಗಳು ಕೋಲಿಯಸ್ ಗಿಡದ ಬೇರಿನಿಂದ ಬೇರ್ಪಡಿಸಿದ ವಸ್ತು. ಕರ್ನಾಟಕದ ಕೆಲವೆಡೆ ಮಾಕಂದಿ ಬೇರು ಎಂದು ಬೆಳೆಯುವುದು ಈ ಗಿಡವನ್ನೇ.

ಉಬ್ಬುವುದನ್ನು ಅಳೆಯುವ ಈ ಪರೀಕ್ಷೆಗೆ ಲೈಟ್-ಶೀಟ್ ಬೇಡ, ಪ್ರತಿಕಾಯ ಬೇಡ, ಪಾರದರ್ಶಕ ದ್ರಾವಣವೂ ಬೇಡ. ಬದುಕಿರುವ ಕೋಶದಲ್ಲಿ ಮಾತ್ರ ಹಸಿರಾಗುವ ಕ್ಯಾಲ್ಸೀನ್ ಬಣ್ಣ, ಕಡಿಮೆ ಶಕ್ತಿಯ ಮಸೂರ, ಹತ್ತು ನಿಮಿಷಕ್ಕೊಂದು ಚಿತ್ರ. ಪ್ರತಿ ಚಿತ್ರದಲ್ಲಿ ಹಸಿರು ಎಷ್ಟು ಜಾಗ ಹಿಡಿದಿದೆ ಎಂದು ಅಳೆದರೆ ಸಾಕು. ತೀರ ಅಪರೂಪದ ಜೀನ್ ರೂಪಾಂತರ ಇರುವವರಿಗೆ ದೊಡ್ಡ ಪ್ರಯೋಗ ನಡೆಸುವಷ್ಟು ರೋಗಿಗಳೇ ಸಿಗುವುದಿಲ್ಲ. ಅಂಥವರಿಗೆ ಯಾವ ಔಷಧ ಹಿಡಿಸಬಹುದೆಂದು ನೆದರ್ಲೆಂಡ್ಸ್‌ನ ವೈದ್ಯರು ಈ ಹಸಿರು ಚುಕ್ಕೆಗಳನ್ನು ನೋಡಿ ನಿರ್ಧರಿಸತೊಡಗಿದರು. ಚಿತ್ರ ಒರಟಾಗಿದ್ದರೂ ಕೆಲಸಕ್ಕೆ ಬಂದದ್ದಕ್ಕೆ ಕಾರಣ ಮಸೂರದ ಹಿಂದಿನ ಶಿಸ್ತು. ಒಂದೇ ದ್ರಾವಣ, ಒಂದೇ ವಯಸ್ಸಿನ ಆರ್ಗನಾಯ್ಡ್, ಒಂದೇ ದಟ್ಟಣೆ, ಕೇಳಿದ್ದೂ ಒಂದೇ ಪ್ರಶ್ನೆ.

ಈ ಪುಟ್ಟ ಕರುಳಿಗೆ ರಕ್ತನಾಳವಿಲ್ಲ, ನರವಿಲ್ಲ, ಸ್ನಾಯುವಿಲ್ಲ, ನಮ್ಮ ಹೊಟ್ಟೆಯ ಬ್ಯಾಕ್ಟೀರಿಯಾಗಳ ಸಂತೆಯೂ ಇಲ್ಲ. ಹಾಗಿದ್ದರೂ 2022ರ ಕೊನೆಯಲ್ಲಿ ಅಮೆರಿಕ, 2023ರಲ್ಲಿ ಭಾರತ ಔಷಧ ಪರೀಕ್ಷೆಯ ಕಾನೂನಿನಲ್ಲಿ ಪ್ರಾಣಿಗಳ ಬದಲು ಇಂಥ ವಿಧಾನಗಳಿಗೂ ಎಡೆ ಮಾಡಿಕೊಟ್ಟಿವೆ. ಆದರೆ ಬಹುತೇಕ ಆರ್ಗನಾಯ್ಡ್‌ಗಳು ಇವತ್ತಿಗೂ ಇಲಿಯ ಗಡ್ಡೆಯ ಜೆಲ್‌ನಲ್ಲೇ ಬೆಳೆಯುತ್ತವೆ, ಆ ಜೆಲ್ ಒಂದೊಂದು ತಯಾರಿಕೆಗೂ ಒಂದೊಂದು ಥರ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮಥಿಯಾಸ್ ಲುಟೋಲ್ಫ್ ಅವರ ತಂಡ 2016ರಲ್ಲಿ ಕೃತಕ ಜೆಲ್ಲನ್ನೂ, 2020ರಲ್ಲಿ ಎರಡೂ ತುದಿ ತೆರೆದು ಸತ್ತ ಕೋಶಗಳನ್ನು ತೊಳೆದುಬಿಡಬಹುದಾದ ಕೊಳವೆಯಾಕಾರದ ಪುಟ್ಟ ಕರುಳನ್ನೂ ರೂಪಿಸಿದ್ದು ಈ ಕೊರತೆಗಳನ್ನು ನೀಗಲೆಂದೇ. ಅಲ್ಲಿ ಬೆಳೆಸುವ ಅಚ್ಚನ್ನೇ ಮಸೂರಕ್ಕೆ ಒಪ್ಪುವಂತೆ ಕೊರೆಯಲಾಗುತ್ತದೆ.

ಈ ಕ್ಷೇತ್ರದ ಪ್ರಬಂಧವನ್ನು ತೂಗಿ ನೋಡುವವರು ಹಾಗಾಗಿ ಮೊದಲು ಬಣ್ಣದ ಚಿತ್ರಕ್ಕೆ ಮಾರುಹೋಗದೆ ವಿಧಾನದ ಪುಟಕ್ಕೆ ಹೋಗುತ್ತಾರೆ. ಎಷ್ಟು ಜನ ದಾನಿಗಳು, ಯಾವ ದ್ರಾವಣ, ನೆಟ್ಟು ಎಷ್ಟನೇ ದಿನ, ಎಷ್ಟು ಸಲ ಒಡೆದು ಬೆಳೆಸಿದ್ದು? ಇಷ್ಟು ಬರೆದಿದ್ದರೆ ಮಬ್ಬು ಚಿತ್ರವನ್ನೂ ನಂಬಬಹುದು. ಬರೆದಿಲ್ಲದಿದ್ದರೆ ಎಷ್ಟೇ ಸ್ಪಷ್ಟವಾದ ಚಿತ್ರವೂ ಏನನ್ನೂ ರುಜುವಾತು ಮಾಡುವುದಿಲ್ಲ.